ಮುದ್ದನೂ ಹಳೇ ಮೀನಿನ ತೊಟ್ಟಿಯೂ

ಈ ಕತೆ ನಡೆದ ಊರು ಬಹಳ ದೂರವೇನಲ್ಲ. ಬಸ್ಸಿನಲ್ಲಿ ಕೂತರೆ ನಿದ್ದೆ ಹತ್ತುವಷ್ಟರಲ್ಲಿ ಬಂದುಬಿಡುತ್ತದೆ. ಆ ಊರಿನ ಅಕ್ಕಿ ಮಿಲ್ಲಿನ ಹಿಂದಿನ ಕೇರಿಯಲ್ಲಿ ಇಡ್ಲಿ ತಿಮ್ಮಾಜಮ್ಮ ಅಂತ ಒಬ್ಬಳು ಇದ್ದಳು. ಗಂಡ ಹೋಗಿ ಬಹಳ ಕಾಲವಾಗಿತ್ತು. ಜಗುಲಿಯ ಮೇಲೆ ಒಲೆ, ಒಲೆಯ ಮೇಲೆ ಇಡ್ಲಿ ಪಾತ್ರೆ, ಪಾತ್ರೆಯ ಪಕ್ಕ ಮಗ. ಮಗನ ಹೆಸರು ಮುದ್ದುರಂಗ. ಅವಳು ಕರೆಯುತ್ತಿದ್ದುದು ಮುದ್ದ ಅಂತ. ಕೇರಿಯವರು ಕರೆಯುತ್ತಿದ್ದುದು ಪೆದ್ದ ಅಂತ. ಎರಡಕ್ಕೂ ಅವನು ಓ ಅನ್ನುತ್ತಿದ್ದ.

ಪೆದ್ದ ಅಂದರೆ ಸೋಮಾರಿಯಲ್ಲ, ಕೆಟ್ಟವನಂತೂ ಅಲ್ಲವೇ ಅಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನಷ್ಟೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ. ಒಂದು ಸಲ ಅವ್ವ ಸಂಡಿಗೆ ಒಣಹಾಕಿ, ಕಾಗೆ ಬಂದರೆ ಓಡಿಸು ಅಂತ ಕೋಲು ಕೊಟ್ಟು ಹೋದಳು. ಬಂದು ನೋಡಿದರೆ ಸಂಡಿಗೆಯೆಲ್ಲ ಮೇಕೆಯ ಹೊಟ್ಟೆಯಲ್ಲಿತ್ತು. ಮುದ್ದ ಕೋಲು ಹಿಡಿದು ಬೆವರು ಸುರಿಸುತ್ತ ನಿಂತಿದ್ದ. ಮೇಕೆ ತಿಂದು ಮುಗಿಸುವವರೆಗೂ ಒಂದೇ ಒಂದು ಕಾಗೆಯನ್ನು ಅವನು ಹತ್ತಿರ ಬಿಟ್ಟಿರಲಿಲ್ಲ.

ನಗುವವರಿಗೆ ಇದು ನಗು. ತಿಮ್ಮಾಜಮ್ಮನಿಗೆ ಸಂಕಟ. ನಾನು ಕಣ್ಣು ಮುಚ್ಚಿದ ಮೇಲೆ ಇವನ ಜೊತೆ ಯಾರಿರುತ್ತಾರೆ ಅನ್ನುವುದೊಂದೇ ಅವಳ ಯೋಚನೆ. ಹೆಣ್ಣು ಕೇಳಿ ಎಷ್ಟೋ ಮನೆಗೆ ಹೋದಳು. ಎಲ್ಲರೂ ಕಾಫಿ ಕೊಟ್ಟರು, ಹೆಣ್ಣು ಮಾತ್ರ ಕೊಡಲಿಲ್ಲ.

ಅವಳ ಇಡ್ಲಿಗೆ ದಿನಾ ಬರುತ್ತಿದ್ದವರಲ್ಲಿ ಲಕ್ಕಪ್ಪನೂ ಒಬ್ಬ. ಬಸ್ ನಿಲ್ದಾಣದ ಎದುರು ಮೀನಿನ ಅಂಗಡಿ ಇಟ್ಟಿದ್ದ. ತಿನ್ನುವ ಮೀನಲ್ಲ, ಗಾಜಿನ ತೊಟ್ಟಿಯಲ್ಲಿ ಬಿಟ್ಟು ನೋಡುವ ಮೀನು. ಅವನ ಮನೆಯಲ್ಲಿ ತಂಗಿಯ ಮಗಳು ಅಲಮೇಲು ಇದ್ದಳು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರನ್ನೂ ಕಳಕೊಂಡವಳು. ದೊಡ್ಡಪ್ಪನ ಮನೆ, ಸೋದರತ್ತೆಯ ಮನೆ, ಚಿಕ್ಕಮ್ಮನ ಮನೆ ಎಲ್ಲ ಆಗಿ, ಕೊನೆಗೆ ಮಾವನ ಮನೆಗೆ ಬಂದಿದ್ದಳು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಅಂಗಡಿಯ ಮೀನುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಅವಳೇ. ತಿಮ್ಮಾಜಮ್ಮ ಒಂದು ದಿನ ಧೈರ್ಯ ಮಾಡಿ ಕೇಳಿಯೇ ಬಿಟ್ಟಳು. ಲಕ್ಕಪ್ಪ ಹೋಗಿ ಅಲಮೇಲುವನ್ನು ಕೇಳಿದ. ಅವಳು ಮೀನಿನ ಕಡೆ ನೋಡಿಕೊಂಡೇ ಉತ್ತರ ಹೇಳಿದಳು.

"ಹಳೇ ತೊಟ್ಟಿ ಒಂದನ್ನ ತಗೊಂಡು ಹೋಗಲಿ, ಮಾವ. ಅವರೇ ಅಣಿ ಮಾಡಿ ಒಂದು ಮೀನು ಸಾಕಲಿ. ದೀಪಾವಳಿವರೆಗೂ ಅದು ಅವರ ಮನೇಲಿ ಬದುಕಿದ್ರೆ, ನಾನೂ ಆ ಮನೇಲಿ ಬದುಕ್ತೀನಿ."

ಮುದ್ದನಿಗೆ ಇದನ್ನು ಹೇಳಿದರು. ಅವನು ಬಹಳ ಹೊತ್ತು ಯೋಚನೆ ಮಾಡಿ, ಮೀನು ಸತ್ತರೆ ಅವರೂ ಸತ್ತುಹೋಗ್ತಾರಾ ಅಂತ ಕೇಳಿದ. ಇಲ್ಲ ಕಣೋ, ನಿನ್ನ ಕಟ್ಟಿಕೊಳ್ಳಲ್ಲ ಅಷ್ಟೆ, ಅಂದಳು ಅವ್ವ. ಅಷ್ಟೇ ತಾನೆ, ಅಂತ ಮುದ್ದ ನೆಮ್ಮದಿಯಾಗಿ ಉಸಿರು ಬಿಟ್ಟ.

ಲಕ್ಕಪ್ಪನ ಅಂಗಡಿಯ ಹಿತ್ತಲಲ್ಲಿ ಹಳೇ ತೊಟ್ಟಿಗಳ ಒಂದು ಸಾಲೇ ಇತ್ತು. ಚೆನ್ನಾಗಿರೋದು ನೋಡಿ ತಾ ಅಂತ ಅವ್ವ ಹೇಳಿ ಕಳಿಸಿದ್ದಳು. ಮುದ್ದ ನೋಡಿದ. ಒಂದು ತೊಟ್ಟಿಯ ಬೆನ್ನಿಗೆ ಕಡಲು, ತೆಂಗಿನಮರ, ಮುಳುಗುವ ಸೂರ್ಯ ಇರುವ ಬಣ್ಣದ ಕಾಗದ ಅಂಟಿಸಿತ್ತು. ಅದಕ್ಕಿಂತ ಚೆನ್ನಾಗಿರೋದು ಲೋಕದಲ್ಲೇ ಇಲ್ಲ ಅನ್ನಿಸಿ, ಯಾರನ್ನೂ ಕೇಳದೆ ತಲೆ ಮೇಲೆ ಹೊತ್ತು ತಂದ. ತಂದವನು ಒಲೆಯ ಪಕ್ಕ ಇಟ್ಟು ಕೊಡ ಕೊಡ ನೀರು ಸುರಿದ. ತೊಟ್ಟಿಯ ಮೂಲೆಯಿಂದ ನೀರು ಹೊರಟು ಜಗುಲಿಗೆ ಹರಿಯಿತು, ಜಗುಲಿಯಿಂದ ಒಲೆಗೆ ಹರಿಯಿತು. ಒಲೆ ಬುಸ್ ಅಂತ ಆರಿ, ಇಡ್ಲಿ ಅರ್ಧ ಬೆಂದು ಕೂತಿತು. ತಿಮ್ಮಾಜಮ್ಮ ಬೈದಳು. ತೊಟ್ಟಿ ವಾಪಸ್ಸು ಅಂಗಡಿಗೆ ಹೋಯಿತು.

ಅಲಮೇಲು ತೊಟ್ಟಿಯ ಮೂಲೆಯಲ್ಲಿ ಬೆರಳಾಡಿಸಿ, ಗಾಜಿಗೂ ಗಾಜಿಗೂ ನಡುವಿನ ಅಂಟು ಒಣಗಿ ಬಿರುಕು ಬಿಟ್ಟಿದ್ದನ್ನು ತೋರಿಸಿದಳು. "ಹಳೇ ಸಾಮಾನು ಯಾವುದೇ ಆಗಲಿ, ನೀರು ತುಂಬಿಸಿ, ಒಂದು ಹಗಲು ಹಾಗೇ ಬಿಟ್ಟು, ಸೋರುತ್ತಾ ಅಂತ ನೋಡಬೇಕು. ಆಮೇಲೆ ಮನೆಗೆ ತಗೊಂಡು ಹೋಗಬೇಕು," ಅಂದಳು.

ಮುದ್ದ ಹೇಳಿದ್ದನ್ನು ಮಾಡಿದ. ಚಿತ್ರವಿಲ್ಲದ ಒಂದು ಸಾದಾ ತೊಟ್ಟಿ ಆರಿಸಿ, ನೀರು ತುಂಬಿಸಿ, ಬೆಳಗಿನಿಂದ ಸಂಜೆವರೆಗೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಂದು ಹನಿ ಸೋರಲಿಲ್ಲ. ಅಲಮೇಲು ಹೋಗುತ್ತ ಬರುತ್ತ ನೋಡಿದಳು. ಮೀನಿಲ್ಲದ ತೊಟ್ಟಿಯನ್ನು ಇಷ್ಟು ಪ್ರೀತಿಯಿಂದ ನೋಡಿದವರು ಆ ಅಂಗಡಿಯಲ್ಲಿ ಹಿಂದೆ ಯಾರೂ ಇರಲಿಲ್ಲ. ಒಳ್ಳೆಯ ತೊಟ್ಟಿಯೇ ಮನೆಗೆ ಬಂತು.

ನೀರು ತುಂಬಿದ ತೊಟ್ಟಿ ಅಂದರೆ ಕಲ್ಲುಗುಂಡಿನ ಭಾರ. ಅಲುಗಾಡದ ಮೇಜು ಬೇಕು, ಗುಜರಿ ಅಂಗಡಿಯಿಂದ ಒಂದು ಹಳೇ ಮೇಜು ತಾ ಅಂತ ಅವ್ವ ಕಳಿಸಿದಳು. ಗುಜರಿಯವನು ಊಟಕ್ಕೆ ಹೋಗಿದ್ದ. ಹಳೇ ಸಾಮಾನು ಯಾವುದೇ ಆಗಲಿ ಅಂತ ಅಲಮೇಲು ಹೇಳಿರಲಿಲ್ಲವೇ? ಮುದ್ದ ಮೇಜಿನ ಡ್ರಾಯರಿಗೆ ನೀರು ತುಂಬಿಸಿದ. ಸೋರಿತು. ಇನ್ನೊಂದು ಮೇಜಿಗೆ ತುಂಬಿಸಿದ. ಅದೂ ಸೋರಿತು. ಪೆಟ್ಟಿಗೆಗೆ ತುಂಬಿಸಿದ, ತೊಟ್ಟಿಲಿಗೆ ತುಂಬಿಸಿದ, ಹಾರ್ಮೋನಿಯಂಗೂ ತುಂಬಿಸಿದ. ಗುಜರಿಯವನು ತೇಗುತ್ತ ಬಂದು ನೋಡಿದರೆ ಅಂಗಡಿಯೆಲ್ಲ ಕೆರೆ. ಮುದ್ದ ತಲೆ ಅಲ್ಲಾಡಿಸಿ, ನಿಮ್ಮ ಅಂಗಡೀಲಿ ಸೋರದೇ ಇರೋ ಸಾಮಾನು ಒಂದೂ ಇಲ್ಲವಲ್ಲ ಅಂತ ಮರುಕಪಟ್ಟ.

ಗುಜರಿಯವನು ಒದ್ದೆ ಮೇಜನ್ನು ಮುದ್ದನ ತಲೆ ಮೇಲೇ ಹೊರಿಸಿ ಮನೆವರೆಗೆ ಬೈದುಕೊಂಡು ಬಂದ. ಅವನು ನಿಲ್ಲಿಸಿದಲ್ಲಿಂದ ತಿಮ್ಮಾಜಮ್ಮ ಶುರು ಮಾಡಿದಳು. ಬೈದು ಸುಸ್ತಾಗಿ, ಕೊನೆಗೆ ಬುದ್ಧಿ ಹೇಳಿದಳು. ಹಳೇ ಸಾಮಾನು ಒದ್ದೆ ಇದ್ದರೆ ಹಾಗೇ ಒಳಗೆ ತರಬೇಡ, ಚೆನ್ನಾಗಿ ತೊಳೆದು, ಬಿಸಿಲಿಗಿಟ್ಟು, ಗರಿಗರಿ ಒಣಗಿಸಿ ಆಮೇಲೆ ತಾ. ಮೇಜು ಒಣಗಿತು, ಒಳಗೆ ಬಂತು. ಅದರ ಮೇಲೆ ತೊಟ್ಟಿ ಕೂತಿತು. ನಲ್ಲಿ ನೀರು ತುಂಬಿಸಿ, ಅದರ ಔಷಧದ ವಾಸನೆ ಹೋಗಲಿ ಅಂತ ಹಾಗೇ ಬಿಟ್ಟರು.

ಈಗ ನೀರು ಶುದ್ಧ ಮಾಡುವ ಫಿಲ್ಟರಿಗೆ ಸ್ಪಾಂಜು ಬೇಕು. ಅಲಮೇಲು ತನ್ನ ಸ್ವಂತ ತೊಟ್ಟಿಯ ಫಿಲ್ಟರಿನಿಂದ ಒಂದು ಸ್ಪಾಂಜು ತೆಗೆದು ಮುದ್ದನ ಕೈಗೆ ಕೊಟ್ಟಳು. ಕಂದು ಬಣ್ಣ, ಕೆಸರಿನ ವಾಸನೆ, ತೊಟತೊಟ ನೀರು. ಅವಳು ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ಇವನಿಗೆ ಯಾಕೆ ಕೊಟ್ಟಳೋ ಅವಳಿಗೇ ಗೊತ್ತು. ಮುದ್ದ ಮನೆ ಬಾಗಿಲಿಗೆ ಬಂದು ಯೋಚನೆ ಮಾಡಿದ. ಹಳೇ ಸಾಮಾನು. ಒದ್ದೆ ಇದೆ. ಸೋಪು ಹಾಕಿ ತಿಕ್ಕಿ ತೊಳೆದ, ಹಿಂಡಿದ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟ. ಹಪ್ಪಳದ ಹಾಗೆ ಗರಿಗರಿ ಆದ ಮೇಲೆ, ಅಲಮೇಲು ನೋಡಿ ಸಂತೋಷಪಡಲಿ ಅಂತ ಅಂಗಡಿಗೇ ಹಿಡಿದುಕೊಂಡು ಹೋದ.

ಅಲಮೇಲು ನೋಡಿದಳು. ಅವಳ ಮುಖ ಸಣ್ಣದಾಯಿತು. ಅದರಲ್ಲಿ ಜೀವ ಇತ್ತು, ಕಣ್ಣಿಗೆ ಕಾಣದ ಒಳ್ಳೆಯ ಜೀವಗಳು, ಅವೇ ಮೀನಿನ ಹೊಲಸನ್ನು ತಿಂದು ನೀರು ಕಾಯುವುದು ಅಂತ ಮೆಲ್ಲಗೆ ಹೇಳಿದಳು.

"ಎಷ್ಟು ಇದ್ದವು?" ಅಂದ ಮುದ್ದ.

"ಲೆಕ್ಕ ಇಲ್ಲದಷ್ಟು."

ಮುದ್ದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತ. ಎಂಥ ಅಳು ಅಂತೀರಿ! ದಾರಿಯಲ್ಲಿ ಹೋಗುವವರು ನಿಂತು, ಯಾರು ಹೋದರು ಅಂತ ಕೇಳಿದರು. ನನಗೆ ಕಾಣಿಸಲಿಲ್ಲ, ನನಗೆ ಕಾಣಿಸಲಿಲ್ಲ, ಅಂತ ಮತ್ತೆ ಮತ್ತೆ ಅದನ್ನೇ ಅಂದ. ಅಲಮೇಲು ಬಾಗಿಲಲ್ಲಿ ನಿಂತು ನೋಡಿದಳು. ತಾನು ಕಣ್ಣೆದುರೇ ಓಡಾಡಿಕೊಂಡಿದ್ದರೂ ಯಾರಿಗೂ ಕಾಣದ ಮನೆಗಳಲ್ಲಿ ಬೆಳೆದವಳು ಅವಳು. ಕಾಣದ ಜೀವಕ್ಕೆ ಅಳುವವನನ್ನು ಅವತ್ತೇ ಕಂಡದ್ದು. ಒಳಗೆ ಹೋಗಿ, ಉಳಿದಿದ್ದ ಇನ್ನೊಂದು ಸ್ಪಾಂಜಿನಲ್ಲಿ ಅರ್ಧ ಕತ್ತರಿಸಿ ತಂದಳು.

"ಇದು ಒಣಗಬಾರದು. ಇನ್ನು ಮೇಲೆ ಈ ಅಂಗಡಿಯಿಂದ ನಾನು ಏನೇ ಕೊಟ್ಟರೂ ಇದೇ ನೀರಲ್ಲಿ ಮುಳುಗಿಸಿ ತಗೊಂಡು ಹೋಗಿ," ಅಂತ ಹೇಳಿ ತನ್ನ ತೊಟ್ಟಿಯ ನೀರು ತುಂಬಿದ ಬಕೆಟ್ಟು ಕೊಟ್ಟಳು.

ಅರ್ಧ ಸ್ಪಾಂಜು ಬಕೆಟ್ಟಿನಲ್ಲಿ ಮುಳುಗಿ ಸುಖವಾಗಿ ಮನೆ ಸೇರಿ, ತೊಟ್ಟಿಯ ಫಿಲ್ಟರಿನಲ್ಲಿ ಕೂತಿತು. ಮುದ್ದ ಅದಕ್ಕೆ ದಿನಾ ಕೈ ಮುಗಿಯುತ್ತಿದ್ದ. ಆದರೆ ಮಾರನೆಯ ವಾರ ಅಲಮೇಲು ಮೀನಿನ ತಿನಿಸಿನ ಡಬ್ಬಿ ಕೊಟ್ಟಳು. ಈ ಅಂಗಡಿಯಿಂದ ಏನೇ ಕೊಟ್ಟರೂ! ಮುದ್ದ ಡಬ್ಬಿ ಬಿಚ್ಚಿ ಬಕೆಟ್ಟಿಗೆ ಸುರಿದ. ಮನೆಗೆ ಬರುವಷ್ಟರಲ್ಲಿ ಅದು ಅಂಬಲಿಯಾಗಿತ್ತು. ಕೇರಿಯ ಬೆಕ್ಕು ಬಂದು ಮೂಸಿ ನೋಡಿ, ಮುಖ ತಿರುಗಿಸಿಕೊಂಡು ಹೋಯಿತು.

ಈ ಸಲ ಬೈದವನು ಲಕ್ಕಪ್ಪ. ಇಡೀ ಡಬ್ಬಿ ನೀರಿಗೆ ಹಾಕಿದರೆ ತೊಟ್ಟಿಯಲ್ಲೇ ಹಾಕಿದರೂ ಒಂದೇ, ಬಕೆಟ್ಟಲ್ಲಿ ಹಾಕಿದರೂ ಒಂದೇ ಅಂತ ರೇಗಿದ. ಊಟ ಅನ್ನೋದು ಒಂದು ಚಿಟಿಕೆ. ಚಿಟಿಕೆ ಹಾಕಿ, ಅಲ್ಲೇ ನಿಂತು ನೋಡು. ತಿಂದಷ್ಟು ತಿನ್ನಲಿ, ಉಳಿದದ್ದನ್ನ ತಕ್ಷಣ ತೆಗೆದುಬಿಡು. ಪಾಪ ಅಂತ ಹೊಟ್ಟೆ ತುಂಬ ಹಾಕಿದೆಯೋ, ಸತ್ತು ತೇಲುತ್ತವೆ. ಹೀಗೆ ಹೇಳಿ ಹೊಸ ಡಬ್ಬಿ ಕೊಟ್ಟು ಕಳಿಸಿದ.

ಮಾರನೆಯ ಬೆಳಗ್ಗೆ ತಿಮ್ಮಾಜಮ್ಮ ಅಕ್ಕಿ ತರಲು ಮಿಲ್ಲಿಗೆ ಹೋದಳು. ಬಂದವರಿಗೆ ಊಟ ಕೊಡು ಅಂತ ಮಗನಿಗೆ ಹೇಳಿದ್ದಳು. ಮುದ್ದ ಕೊಟ್ಟ. ತಟ್ಟೆಗೊಂದು ಚಿಟಿಕೆ ಇಡ್ಲಿ. ಒಬ್ಬೊಬ್ಬರ ಎದುರೂ ನಿಂತು ನೋಡಿದ. ಬಾಯಿಗಿಟ್ಟ ಕೂಡಲೆ ತಟ್ಟೆ ಎತ್ತಿಬಿಟ್ಟ. ಇನ್ನೆರಡು ಹಾಕಪ್ಪ ಅಂದವರಿಗೆ, ಬ್ಯಾಡ ಅಣ್ಣ, ಆಸೆ ಪಡಬಾರದು ಅಂತ ಬೆನ್ನು ಸವರಿದ. ಗಿರಾಕಿಗಳೆಲ್ಲ ಎದ್ದು ಎದುರು ಬೀದಿಯ ಹೋಟೆಲಿಗೆ ಹೋದರು. ಕೊನೆಗೆ ಬಂದವನು ಲಕ್ಕಪ್ಪ. ಅವನಿಗೂ ಚಿಟಿಕೆ. ಹುಡುಗಿಯ ಮಾವ ಅಂತ ಚಟ್ನಿಯೂ ಒಂದು ಚಿಟಿಕೆ.

ಲಕ್ಕಪ್ಪ ಕಣ್ಣು ಕೆಂಪಗೆ ಮಾಡಿ, ಇದೇನೋ ಅಂದ.

"ಹೊಟ್ಟೆ ತುಂಬ ಹಾಕಿದ್ರೆ ಸತ್ತು ತೇಲ್ತವೆ ಅಂತ ನೀವೇ ಹೇಳಿದ್ರಲ್ಲ ಅಣ್ಣ. ನೀವು ಸಾಯೋದು ನನಗೆ ಇಷ್ಟ ಇಲ್ಲ," ಅಂದ ಮುದ್ದ.

ಅಕ್ಕಿ ಹೊತ್ತು ಬಂದ ತಿಮ್ಮಾಜಮ್ಮನಿಗೆ ದಾರಿಯಲ್ಲೇ ಲಕ್ಕಪ್ಪ ಸಿಕ್ಕಿದ. ಈ ಸಂಬಂಧ ಆಗೋದಲ್ಲ ತಾಯಿ, ನನ್ನ ಮಗು ಹಸಕೊಂಡು ಸಾಯುತ್ತೆ ಅಂತ ಹೇಳಿ ನಡೆದುಬಿಟ್ಟ. ಅವತ್ತು ಅವಳು ಮಗನಿಗೆ ಬೈಯಲಿಲ್ಲ. ಆರಿದ ಒಲೆಯ ಮುಂದೆ ಸುಮ್ಮನೆ ಕೂತಳು. ಮುದ್ದನಿಗೆ ಬೈಗುಳ ಕೇಳಿ ಅಭ್ಯಾಸವಿತ್ತು, ಇದನ್ನು ತಡೆಯಲು ಆಗಲಿಲ್ಲ. ಬೈಯವ್ವ, ಏನಾದರೂ ಬೈಯವ್ವ, ಅಂತ ಅವಳ ಮೊಣಕಾಲು ಹಿಡಿದು ಕೂತ.

ಅತ್ತ ಲಕ್ಕಪ್ಪ ಹಸಿದ ಹೊಟ್ಟೆಯಲ್ಲಿ ಮನೆಗೆ ಹೋಗಿ, ಚಿಟಿಕೆ ಇಡ್ಲಿಯ ಕತೆಯನ್ನು ಅಲಮೇಲುವಿಗೆ ಹೇಳಿ ಹಾರಾಡಿದ. ಅವಳು ಕೇಳಿದಳು. ಚಟ್ನಿಯ ಚಿಟಿಕೆ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸೆರಗೂ ತಡೆಯಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಈ ಹುಡುಗಿ ನಗುವುದನ್ನು ಲಕ್ಕಪ್ಪ ತನ್ನ ಮನೆಯಲ್ಲಿ ಕೇಳಿದ್ದೇ ಇಲ್ಲ. ಅವನ ಸಿಟ್ಟು ಎಲ್ಲಿ ಹೋಯಿತೋ. ಮಾರನೆಯ ದಿನ ಅವನೇ ಜಗುಲಿಗೆ ಬಂದು, ತೊಟ್ಟಿಯ ನೀರು ಮೀನಿಗೆ ಹದವಾಗಿದ್ದರೆ ಬಂದು ಮೀನು ತಗೊಂಡು ಹೋಗಲಿ ಅಂದ. ಅಂದು, ಇಡ್ಲಿಯನ್ನು ತಿಮ್ಮಾಜಮ್ಮನ ಕೈಯಿಂದಲೇ ಹಾಕಿಸಿಕೊಂಡು ತಿಂದ.

ಅಲಮೇಲು ಕುಂಕುಮದ ಬಣ್ಣದ ಒಂದು ಮೀನು ಹಿಡಿದು, ನೀರು ತುಂಬಿದ ಕವರಿನಲ್ಲಿ ಬಿಟ್ಟು, ಬಾಯಿ ಕಟ್ಟಿದಳು. ಇಷ್ಟು ದಿನದಲ್ಲಿ ಅವಳಿಗೆ ಮುದ್ದ ಅರ್ಥವಾಗಿದ್ದ. ಇವನಿಗೆ ಅರ್ಧ ಹೇಳಬಾರದು, ಪೂರ್ತಿ ಹೇಳಬೇಕು. ಎದುರು ನಿಲ್ಲಿಸಿಕೊಂಡು ನಿಧಾನವಾಗಿ ಹೇಳಿದಳು.

"ಹೊಸ ಜಾಗಕ್ಕೆ ಬಂದ ಜೀವಾನ ಸೀದಾ ಒಳಗೆ ಸುರಿಯಬಾರದು. ನೀರು ನೋಡಕ್ಕೆ ಒಂದೇ ಥರ ಇರುತ್ತೆ, ಆದ್ರೆ ಆ ನೀರೇ ಬೇರೆ, ಈ ನೀರೇ ಬೇರೆ. ಕವರ್ ಸಮೇತ ಸುಮ್ಮನೆ ತೇಲಿಬಿಡಿ. ಆಮೇಲೆ ನಿಮ್ಮ ಮನೆ ನೀರು ಒಂದು ಸ್ವಲ್ಪ ಅದರೊಳಗೆ ಹಾಕಿ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸ್ವಲ್ಪ. ಹೊಂದಿಕೊಂಡ ಮೇಲೆ ಅದೇ ಈಜಿಕೊಂಡು ಹೊರಗೆ ಬರುತ್ತೆ. ನೀವು ತಳ್ಳಬೇಡಿ."

ಕವರನ್ನು ಅವನ ಕೈಗಿಡುತ್ತ, "ಯಾರೂ ಹಾಗೆ ಮಾಡಲ್ಲ. ಎಲ್ಲಾ ಸೀದಾ ಸುರೀತಾರೆ," ಅಂದಳು.

ಮುದ್ದ ಹೇಳಿದ್ದನ್ನು ಮಾಡಿದ. ಹೇಳಿದ್ದನ್ನಷ್ಟೇ ಮಾಡಿದ. ಕವರು ತೇಲಿಬಿಟ್ಟ, ಕಾದ. ಒಂದು ಲೋಟದಲ್ಲಿ ಸ್ವಲ್ಪ ನೀರು ಹಾಕಿದ, ಕಾದ. ಇನ್ನೊಂದು ಸ್ವಲ್ಪ ಹಾಕಿದ, ಕಾದ. ಕವರಿನ ಬಾಯಿ ಬಿಚ್ಚಿಟ್ಟು, ತಳ್ಳದೆ, ಕರೆಯದೆ, ಉಸಿರು ಬಿಗಿಹಿಡಿದು ಕೂತ. ದೀಪ ಹಚ್ಚುವ ಹೊತ್ತಿಗೆ ಮೀನು ಒಮ್ಮೆ ಬಾಲ ಆಡಿಸಿ, ತಾನೇ ತೊಟ್ಟಿಯೊಳಕ್ಕೆ ಈಜಿಕೊಂಡು ಬಂತು. ಅವತ್ತಿನಿಂದ ದಿನಕ್ಕೆ ಒಂದು ಚಿಟಿಕೆ, ವಾರಕ್ಕೊಮ್ಮೆ ಸ್ವಲ್ಪ ನೀರು ತೆಗೆದು ಸ್ವಲ್ಪ ಹೊಸ ನೀರು. ಬುದ್ಧಿವಂತರ ಮನೆಯಲ್ಲಿ ಮೀನು ಸಾಯುತ್ತವೆ, ಯಾಕೆಂದರೆ ಅವರು ಹೇಳಿದ್ದಕ್ಕೆ ತಮ್ಮದೂ ಸ್ವಲ್ಪ ಸೇರಿಸುತ್ತಾರೆ. ಮುದ್ದ ಏನೂ ಸೇರಿಸಲಿಲ್ಲ. ಮೀನು ಮಿರಿಮಿರಿ ಮಿಂಚುತ್ತ ದೀಪಾವಳಿ ಕಂಡಿತು.

ಅಲಮೇಲು ಮಾತಿಗೆ ತಪ್ಪಲಿಲ್ಲ. ಮದುವೆ ಆಯಿತು.

ಈಗ ಹೆಣ್ಣನ್ನು ಮನೆ ತುಂಬಿಸಿಕೊಳ್ಳಬೇಕು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಕೇರಿಯ ಮುತ್ತೈದೆಯರು ಆರತಿ ಹಿಡಿದು ನಿಂತಿದ್ದರು. ಗಂಡ ಇಲ್ಲದವಳು ಅಂತ ತಿಮ್ಮಾಜಮ್ಮ ಬಾಗಿಲ ಮರೆಯಲ್ಲಿದ್ದಳು. ಆರತಿ ಆಯಿತು. ಬಲಗಾಲಲ್ಲಿ ಒದಿಯವ್ವ, ಒಳಗೆ ಬಾ, ಅಂದರು. ಅಲಮೇಲು ಕಾಲೆತ್ತಿದಳು.

"ನಿಲ್ಲು," ಅಂದ ಮುದ್ದ. "ಸೀದಾ ಒಳಗೆ ಹೋಗಬ್ಯಾಡ."

ಮುದ್ದ ಹೆಂಡತಿಯನ್ನು ಜಗುಲಿಯ ಮೇಲೆ ಕೂರಿಸಿದ. ಪಕ್ಕದ ಸಂದಿಯಿಂದ ಹಿತ್ತಲಿಗೆ ಓಡಿ, ಹಿಂಬಾಗಿಲಿಂದ ಒಳಗೆ ಹೋಗಿ, ಲೋಟದಲ್ಲಿ ಕುಡಿಯುವ ನೀರು ತಂದ. ಒಂದು ಗುಟುಕು ಕುಡಿಸಿದ. ಪಕ್ಕದಲ್ಲಿ ನಿಂತು ಕಾದ. ಇನ್ನೊಂದು ಗುಟುಕು ಕುಡಿಸಿದ. ಮತ್ತೆ ಕಾದ. ಹೆಂಗಸರು ಬಾಯಿ ಮೇಲೆ ಕೈಯಿಟ್ಟರು, ಗಂಡಸರು ಬಿದ್ದು ಬಿದ್ದು ನಕ್ಕರು, ರಾಹುಕಾಲ ಬಂತು ಅಂತ ಒಬ್ಬ ಮುದುಕಿ ಕೂಗಿಕೊಂಡಳು. ತಿಮ್ಮಾಜಮ್ಮ ಮರೆಯಿಂದಲೇ ಹಣೆ ಚಚ್ಚಿಕೊಂಡಳು.

"ಲೋ ಮುದ್ದ, ಇವತ್ತೊಂದು ದಿನ ಸುಮ್ಮನಿರೋ, ನಿನ್ನ ದಮ್ಮಯ್ಯ!"

"ಹೊಸ ಜಾಗ ಕಣವ್ವ. ಆ ನೀರೇ ಬೇರೆ, ಈ ನೀರೇ ಬೇರೆ. ಹೊಂದಿಕೊಂಡ ಮೇಲೆ ಅವಳೇ ಬತ್ತಾಳೆ. ಯಾರೂ ತಳ್ಳಬ್ಯಾಡಿ," ಅಂದ ಮುದ್ದ.

ನಗು ನಿಲ್ಲಲಿಲ್ಲ. ಆದರೆ ಲಕ್ಕಪ್ಪ ನಗಲಿಲ್ಲ. ಈ ಹುಡುಗಿಯ ಟ್ರಂಕನ್ನು ತನ್ನ ಮನೆಯ ನಡುಮನೆಯಲ್ಲಿ ಇಳಿಸಿ, ಅಡುಗೆ ಮನೆ ಅಲ್ಲಿದೆ ಅಂತ ತೋರಿಸಿ ಅಂಗಡಿಗೆ ಹೋದದ್ದು ಅವನಿಗೆ ನೆನಪಾಯಿತು. ಅಲಮೇಲು ತಲೆ ಬಗ್ಗಿಸಿ ಕೂತಿದ್ದಳು. ದಾಟಿದ ಹೊಸ್ತಿಲುಗಳೆಷ್ಟೋ, ಯಾವ ಹೊಸ್ತಿಲಲ್ಲೂ ಯಾರೂ ಅವಳಿಗಾಗಿ ಕಾದಿರಲಿಲ್ಲ. ಅವಳ ಕಣ್ಣಿನ ನೀರು ಲೋಟಕ್ಕೆ ಬಿತ್ತು. ಮುಖ ಎತ್ತಿ ಬಾಗಿಲ ಮರೆಯ ಕಡೆ ನೋಡಿದಳು.

"ಅತ್ತೆ, ಇನ್ನೊಂದು ಸ್ವಲ್ಪ ನೀರು ಕೊಡ್ತೀರಾ?"

ತಿಮ್ಮಾಜಮ್ಮನಿಗೆ ಆಗ ತಿಳಿಯಿತು. ಮರೆ ಬಿಟ್ಟು, ಶಾಸ್ತ್ರ ಬಿಟ್ಟು, ಸೇರು ದಾಟಿ ಹೊರಗೇ ಬಂದುಬಿಟ್ಟಳು. ಸೊಸೆಯ ಪಕ್ಕ ಜಗುಲಿಯ ಮೇಲೆ ಕೂತು, ತಾನೇ ನೀರು ಕುಡಿಸಿದಳು. ನಿಧಾನ ಕಣವ್ವ, ಮನೆ ಎಲ್ಲೂ ಓಡಿಹೋಗಲ್ಲ, ಅಂದಳು. ಮೂವರೂ ಕೂತರು. ಕೇರಿಯವರು ನಕ್ಕು ನಕ್ಕು ಸಾಕಾಗಿ ಸುಮ್ಮನಾದರು. ಆಮೇಲೆ ಯಾರೂ ಹೇಳದೆ ಅಲಮೇಲು ಎದ್ದಳು. ಸೇರನ್ನು ಕಾಲಿನಿಂದ ಮೆಲ್ಲಗೆ ಉರುಳಿಸಿ, ಅತ್ತೆಯ ಕೈ ಹಿಡಿದು ಒಳಗೆ ಹೋದಳು. ಎದುರಿಗೇ ಮೇಜಿನ ಮೇಲೆ ತೊಟ್ಟಿ ಇತ್ತು. ಕುಂಕುಮದ ಬಣ್ಣದ ಮೀನು ಗಾಜಿನ ಹತ್ತಿರ ಬಂದು ಅವಳನ್ನು ನೋಡಿತು.

ಎಲೆ ಹಾಕಿದರು, ಪಾಯಸ ಬಡಿಸಿದರು, ನೆಂಟರೆಲ್ಲ ಕೂತರು. ಮದುಮಗ ಮಾತ್ರ ಇಲ್ಲ. ಅಲಮೇಲು ಬಾಗಿಲಿಗೆ ಬಂದು ನೋಡಿದರೆ ಮುದ್ದ ಇನ್ನೂ ಜಗುಲಿಯ ಮೇಲೆ ಕೈ ಕಟ್ಟಿಕೊಂಡು ಕೂತಿದ್ದ. ಯಾಕೆ ಒಳಗೆ ಬರಲಿಲ್ಲ ಅಂತ ಕೇಳಿದಳು.

"ನೀನು ಒಳಗೆ ಹೋದೆಯಲ್ಲ," ಅಂದ ಮುದ್ದ. "ಈಗ ಈ ಮನೆ ನೀರು ಬೇರೆ ಆಗಿರುತ್ತೆ. ನಾನು ಸೀದಾ ಬಂದ್ರೆ ಆಗುತ್ತಾ? ನನಗೂ ಹೊಂದಬೇಕು."

ಅಲಮೇಲು ಒಳಗೆ ಬಂದು ಲೋಟಕ್ಕೆ ನೀರು ಬಗ್ಗಿಸಿಕೊಂಡು ಹೊರಟಳು. ಪಾಯಸದ ಸೌಟು ಹಿಡಿದು ನಿಂತಿದ್ದ ತಿಮ್ಮಾಜಮ್ಮ ಬಗ್ಗಿ ಹೊರಗೆ ನೋಡಿದಳು. ಜಗುಲಿಯ ಮೇಲೆ ಸೊಸೆ ಒಂದು ಗುಟುಕು ಕುಡಿಸಿ, ಪಕ್ಕದಲ್ಲಿ ಕೂತು ಕಾಯುತ್ತಿದ್ದಳು.

"ಅಯ್ಯೋ ಶಿವನೇ, ಮನೇಲಿ ಒಂದಿತ್ತು, ಈಗ ಎರಡಾಯ್ತು," ಅಂದಳು ತಿಮ್ಮಾಜಮ್ಮ. ಅಂದವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಆರದಿರಲಿ ಅಂತ ಪಾಯಸದ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟಳು.